ಶಿರಾ ಹತ್ತಿರ ಹಳೆ ಮನೆಯಲ್ಲಿ ಸಿಕ್ಕ ಬಾಗಿದ ಕತ್ತಿ ಯಾವ ಕಾಲದ್ದು ಅಂತ ತಿಳಿಯೋದು ಹೇಗೆ?

ನೀವು ಬರೆದಿರುವುದು ಇಷ್ಟು. ಶಿರಾ ಹತ್ತಿರದ ಹಳ್ಳಿಯಲ್ಲಿ ಅಜ್ಜನ ಮನೆ ಕೆಡವುವಾಗ ಅಟ್ಟದ ಮೇಲೆ ಬಾಗಿದ ಕತ್ತಿಯೊಂದು ಸಿಕ್ಕಿದೆ. ಹಿಡಿ ಕಬ್ಬಿಣದ್ದು, ಅದರ ತುದಿಯಲ್ಲಿ ದುಂಡನೆಯ ತಟ್ಟೆ ಇದೆ. ಅಲಗಿನ ಮೇಲೆ ಚಿನ್ನದ ಬಣ್ಣದಲ್ಲಿ ಅರಬ್ಬಿ ಅಕ್ಷರ, ಕೆಳಗೆ ಏನೋ ಅಂಕಿ. ಮನೆಯವರು ಟಿಪ್ಪು ಕಾಲದ್ದು ಅನ್ನುತ್ತಾರೆ. ಹಳೆ ಸಾಮಾನು ಕೊಳ್ಳುವವರೊಬ್ಬರು ಪಾಲಿಶ್ ಮಾಡಿಸಿ ಫೋಟೋ ಕಳಿಸಿ ಅಂದಿದ್ದಾರೆ. ನಿಜವಾಗಿ ಎಷ್ಟು ಹಳೆಯದು ಅಂತ ನಿಮ್ಮ ಪ್ರಶ್ನೆ.

ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಮಿಕ್ಕಿದ್ದಕ್ಕೆಲ್ಲ ಸಮಯ ಇದೆ, ಇದಕ್ಕಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಬಫಿಂಗ್ ಚಕ್ರಕ್ಕೆ ಒಮ್ಮೆ ಕೊಟ್ಟರೆ ಉಕ್ಕಿನ ಎಳೆ, ಚಿನ್ನದ ಕೆಲಸ, ಸಣ್ಣ ಚುಕ್ಕೆಗಳಲ್ಲಿ ಹೊಡೆದ ಬರಹ ಎಲ್ಲ ಹೋಗುತ್ತದೆ. ಕೋಲಾರದ ಕಡೆ ಒಂದು ಮನೆಯಲ್ಲಿ ಹೀಗೆ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಪಾಲಿಶ್ ಅಂಗಡಿಯಿಂದ ಅಲಗು ಫಳಫಳ ಅಂತ ಬಂದಿತ್ತು. ಬರಹದಲ್ಲಿ ಉಳಿದಿದ್ದು ಅಕ್ಷರಗಳ ಚೂರು ಮಾತ್ರ. ಮನೆಯ ಹಿರಿಯರು ಅದನ್ನು ಸಂತೋಷದಿಂದ ತೋರಿಸುತ್ತಿದ್ದರು, ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಯುಧಪೂಜೆಗೆ ಅಂತ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದೂ ಬೇಡ. ಎಮರಿ ಪೇಪರ್ ಅಂತೂ ಬೇಡವೇ ಬೇಡ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಅಲಗಿಗೆ ಸವರಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ದಿನ ಕಳೆದಂತೆ ಅಂಟಾಗುತ್ತದೆ. ಹಿಡಿ ಅಲ್ಲಾಡುತ್ತಿದ್ದರೆ ಬಿಸಿ ಮಾಡಿ ಕೂರಿಸಲು ಹೋಗಬೇಡಿ. ಇಂಥ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಕೂರಿಸಿರುತ್ತಾರೆ. ಬಿಸಿಗೆ ಅರಗು ಕರಗಿ ಅಲಗೇ ಕೈಗೆ ಬಂದುಬಿಡುತ್ತದೆ.

ಇನ್ನು ವಯಸ್ಸಿನ ವಿಷಯ. ನಾನು ತುಮಕೂರಿನವನು. ಕೆಲಸ ಮಾಡಿದ್ದು ಕಾರ್ಖಾನೆಯ ಟೂಲ್‌ರೂಮಿನಲ್ಲಿ. ಉಕ್ಕಿನ ಹದ ನೋಡಿ ನೋಡಿ ಹಳೆ ಕತ್ತಿಗಳ ಮೇಲೆ ಆಸಕ್ತಿ ಬಂತು. ಮಧುಗಿರಿ, ಪಾವಗಡ, ಗೌರಿಬಿದನೂರು ಕಡೆ ಮನೆಗಳಲ್ಲಿ ಇಟ್ಟಿರುವುದನ್ನು ನೋಡುತ್ತಾ ಬಂದಿದ್ದೇನೆ. ಎಲ್ಲ ಕಡೆಯೂ ಜನ ಮೊದಲು ಓದಿಸಲು ನೋಡುವುದು ಬರಹವನ್ನೇ. ನನ್ನ ಪ್ರಕಾರ ಬರಹವನ್ನು ಕೊನೆಗೆ ನೋಡಬೇಕು. ಒಂದೇ ಕತ್ತಿಯಲ್ಲಿ ಅಲಗಿನ ವಯಸ್ಸು ಬೇರೆ, ಹಿಡಿಯ ವಯಸ್ಸು ಬೇರೆ, ಚಿನ್ನದ ಬರಹದ ವಯಸ್ಸು ಬೇರೆ ಇರಬಹುದು. ಒಳ್ಳೆ ಅಲಗನ್ನು ಯಾರೂ ಬಿಸಾಡುತ್ತಿರಲಿಲ್ಲ. ಹಿಡಿ ಮುರಿದರೆ ಹೊಸ ಹಿಡಿ ಹಾಕುತ್ತಿದ್ದರು. ಕೈ ಬದಲಾದಾಗ ಹೊಸ ಒಡೆಯ ತನಗೆ ಬೇಕಾದ ಬರಹ ಹಾಕಿಸುತ್ತಿದ್ದ.

ಅದಕ್ಕೇ ಮೊದಲು ಅಲಗಿನ ಆಕಾರ ನೋಡಿ. ಹಿಡಿಗೆ ಹತ್ತಿರ, ಬಾಯಿಯ ಕಡೆ, ಎರಡು ಮೂರು ಬೆರಳಗಲ ಸಾಣೆ ಹಿಡಿಯದೆ ಮೊಂಡಾಗಿ ಬಿಟ್ಟ ಜಾಗ ಇದೆಯಾ? ತೋರುಬೆರಳು ಹಿಡಿಯ ಅಡ್ಡಪಟ್ಟಿ ದಾಟಿ ಮುಂದೆ ಬಂದರೂ ಗಾಯವಾಗದಂತೆ ಬಿಟ್ಟ ಜಾಗ ಅದು. ಅದಿದ್ದರೆ ಅಲಗು ಬಹುಮಟ್ಟಿಗೆ ಭಾರತದ ಕೆಲಸ, ಅಂದರೆ ತಲ್ವಾರ್. ಇರಾನಿನ ಶಂಶೀರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಬಾಯಿ ಹಿಡಿಯವರೆಗೂ ಬರುತ್ತದೆ. ಶಂಶೀರ್ ಅಲಗು ಕಿರಿದು, ಬಾಗು ಜಾಸ್ತಿ, ಮೊನೆಯವರೆಗೂ ಸಣ್ಣಗಾಗುತ್ತಾ ಹೋಗುತ್ತದೆ. ಮೊನೆಯ ಹತ್ತಿರ ಅಲಗು ಮತ್ತೆ ಅಗಲವಾಗಿ, ಬೆನ್ನಿನ ಕಡೆಯೂ ಹರಿತ ಇದ್ದರೆ ತುರ್ಕಿಯ ಕಿಲಿಜ್ ನೆನಪಾಗಬೇಕು. ಆ ಆಕಾರವನ್ನು ಭಾರತದಲ್ಲೂ ಮಾಡಿದ್ದಾರೆ.

ಅಲಗು ನೇರವಾಗಿದ್ದರೆ ಕಥೆಯೇ ಬೇರೆ. ನಮ್ಮ ಹಳೆಯ ವೀರಗಲ್ಲುಗಳಲ್ಲಿ ಕಾಣುವುದು ಹೆಚ್ಚಾಗಿ ನೇರ ಕತ್ತಿಗಳೇ. ಬಾಗಿದ ಕತ್ತಿ ಮಧ್ಯ ಏಷ್ಯಾದ ಕುದುರೆ ಸವಾರರ ಜೊತೆ ಬಂದು, 16ನೇ ಶತಮಾನದ ನಂತರ ಎಲ್ಲೆಡೆ ಹರಡಿತು. ಆ ಹೊತ್ತಿಗೆ ಗೋವಾದ ಪೋರ್ಚುಗೀಸರ ಮೂಲಕ ಯುರೋಪಿನ ನೇರ ಅಲಗುಗಳೂ ದಖ್ಖನಿಗೆ ಬರುತ್ತಿದ್ದವು. ಅಂಥ ಅಲಗಿಗೆ ಇಲ್ಲಿಯ ಹಿಡಿ ಹಾಕಿದರೆ ಅದೇ ಫಿರಂಗಿ ಕತ್ತಿ. ಅಲಗಿನ ಮೇಲೆ ಓಡುವ ತೋಳದ ಗುರುತು, ಎದುರುಬದುರು ಕುಡುಗೋಲಿನಂಥ ಗುರುತು ಕಂಡರೆ ಜರ್ಮನಿ, ಇಟಲಿ ಕಡೆಯ ಕಮ್ಮಾರರದ್ದು ಅನ್ನುತ್ತಾರೆ. ಆದರೆ ಆ ಗುರುತಿಗೆ ಬೆಲೆ ಇತ್ತು ಅಂತ ನಮ್ಮವರೂ ಅದನ್ನು ಹೊಡೆದರು.

ಬಾಗಿದ ಕತ್ತಿಯಲ್ಲೂ ಈ ಯುರೋಪಿನ ವಿಷಯ ಮರೆಯಬೇಡಿ. ಬ್ರಿಟಿಷ್ ಕುದುರೆ ಪಡೆಗೆ 1796ರಲ್ಲಿ ಬಂದ ಬಾಗಿದ ಕತ್ತಿಯ ಅಲಗು ಇಲ್ಲಿ ತುಂಬಾ ಓಡಾಡಿದೆ. ಅದಕ್ಕೆ ತಲ್ವಾರ್ ಹಿಡಿ ಹಾಕಿಸಿಕೊಂಡವರು ಬಹಳ. ಮಧುಗಿರಿ ಕಡೆಯ ಒಂದು ಮನೆಯಲ್ಲಿ ಪಾಳೇಗಾರರ ಕಾಲದ್ದು ಅಂತ ಪೂಜೆಗಿಟ್ಟ ಕತ್ತಿಯ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿದರೆ ಇಂಗ್ಲಿಷ್ ಅಕ್ಷರ ಸಾಲಾಗಿ ಕಂಡಿತು. ಬೆನ್ನಿನ ಮೇಲೆ ತಯಾರಕರ ಹೆಸರು ಬರೆಯುವುದು ಅವರ ರೂಢಿ. ನೀವೂ ಒಮ್ಮೆ ಹಿಡಿಯ ಪಕ್ಕದಿಂದ ಬೆನ್ನಿನ ಉದ್ದಕ್ಕೂ ನೋಡಿ.

ಆಮೇಲೆ ದಪ್ಪ ಅಳೆಯಿರಿ. ವರ್ನಿಯರ್ ಇದ್ದರೆ ಒಳ್ಳೆಯದು. ಹೊಡೆದಾಟಕ್ಕೆ ಮಾಡಿದ ಅಲಗು ಹಿಡಿಯ ಹತ್ತಿರ ದಪ್ಪ ಇದ್ದು ಮೊನೆಯ ಕಡೆ ತೆಳುವಾಗುತ್ತಾ ಹೋಗುತ್ತದೆ. ಕೈಯಲ್ಲಿ ಹಿಡಿದರೆ ಭಾರವೆಲ್ಲ ಮುಂದಕ್ಕೆ ಜಗ್ಗುವುದಿಲ್ಲ. ಈಚಿನ ಅಲಂಕಾರದ ಕತ್ತಿಗಳನ್ನು ಒಂದೇ ದಪ್ಪದ ಪಟ್ಟಿಯಿಂದ ಕತ್ತರಿಸಿರುತ್ತಾರೆ, ಉದ್ದಕ್ಕೂ ಅಳತೆ ಒಂದೇ ಬರುತ್ತದೆ. ಜಾತ್ರೆ, ವೀರಗಾಸೆ, ಮೊಹರಂಗೆ ಅಂತಲೇ ಮಾಡಿದ ಕತ್ತಿಗಳೂ ನಮ್ಮ ಕಡೆ ಬೇಕಾದಷ್ಟಿವೆ. ಅವು ತೆಳು, ಹರಿತ ಇಲ್ಲ. ಅವನ್ನು ನಕಲಿ ಅನ್ನಬೇಡಿ. ಅವುಗಳ ಕೆಲಸ ಬೇರೆ, ಅಷ್ಟೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಉಕ್ಕು. ಬೆಳಗಿನ ಬಿಸಿಲಲ್ಲಿ ಅಲಗನ್ನು ಓರೆಯಾಗಿ ಹಿಡಿದು ನೋಡಿ. ತುಕ್ಕಿಲ್ಲದ ಜಾಗದಲ್ಲಿ ಹಲಸಿನ ಹಲಗೆಯ ಎಳೆಯ ಹಾಗೆ ಸಣ್ಣ ಸಣ್ಣ ಅಲೆ ಕಂಡರೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು ಇರಬಹುದು. ಪ್ರಪಂಚವೆಲ್ಲ ಡಮಾಸ್ಕಸ್ ಉಕ್ಕು ಅನ್ನುತ್ತಿದ್ದ ಅಲಗುಗಳ ಮೂಲವಸ್ತು ಇದೇ. ಇದನ್ನು ತಯಾರಿಸುತ್ತಿದ್ದ ಜಾಗಗಳಲ್ಲಿ ನಮ್ಮ ತುಮಕೂರು ಸೀಮೆಯೂ ಒಂದು ಅಂತ ಎಷ್ಟು ಜನಕ್ಕೆ ಗೊತ್ತು? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಅವನು ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಬಂಡೆಗಳಿಂದ ಹರಿದು ಬರುವ ಕರಿ ಮರಳನ್ನು ಜನ ಒಟ್ಟುಮಾಡುತ್ತಿದ್ದರು. ಅದನ್ನು ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿ ಹಾಕಿ, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿ ಊದಿ ಕಾಯಿಸುತ್ತಿದ್ದರು. ಕಡ್ಡಿ, ಎಲೆ ಒಳಗೇ ಇದ್ದಿಲಾಗಿ ಕಬ್ಬಿಣಕ್ಕೆ ಇಂಗಾಲ ಸೇರುತ್ತದೆ. ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ.

ಈ ಉಕ್ಕಿನಲ್ಲಿ ಇಂಗಾಲ ಜಾಸ್ತಿ. ಶೇಕಡ 1.2ರಿಂದ 1.8ರವರೆಗೂ ಇರುತ್ತದೆ. ಮನೆ ಕಟ್ಟುವ ಕಂಬಿಯಲ್ಲಿ ಅದರ ಕಾಲು ಭಾಗವೂ ಇರುವುದಿಲ್ಲ. ಅಷ್ಟು ಇಂಗಾಲದ ಉಕ್ಕನ್ನು ಕಮ್ಮಾರ ಬಿಳಿ ಕಾವಿಗೆ ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಕಡಿಮೆ ಕಾವಿನಲ್ಲಿ, ಮತ್ತೆ ಮತ್ತೆ, ತಾಳ್ಮೆಯಿಂದ ಬಡಿಯಬೇಕು. ಅದಿರಿನಲ್ಲೇ ಇರುವ ವನೇಡಿಯಂನಂಥ ಲೋಹಗಳ ಸಣ್ಣ ಅಂಶ ಆ ಬಡಿತದಲ್ಲಿ ಇಂಗಾಲವನ್ನು ಸಾಲುಸಾಲಾಗಿ ಕೂಡಿಸುತ್ತದೆ. ಆಮೇಲೆ ಹುಳಿ ಪದಾರ್ಥ ಸವರಿದರೆ ಒಂದು ಸಾಲು ಕಪ್ಪಾಗಿ, ಒಂದು ಬೆಳ್ಳಗೆ ಕಾಣುತ್ತದೆ. ಕಾರ್ಖಾನೆಯಲ್ಲಿ ದಿನವೆಲ್ಲ ಉಕ್ಕಿನ ಜೊತೆ ಇದ್ದ ನನಗೆ, ಥರ್ಮಾಮೀಟರ್ ಇಲ್ಲದೆ ಬರೀ ಕಾವಿನ ಬಣ್ಣ ನೋಡಿ ಅವರು ಇದನ್ನು ಸಾಧಿಸಿದ್ದು ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ದಕ್ಷಿಣದ ಈ ಉಕ್ಕಿನ ಗಟ್ಟಿಗಳು ಹಡಗಿನಲ್ಲಿ ಇರಾನಿಗೆ ಹೋಗುತ್ತಿದ್ದವು. ಇಂದಿನ ತೆಲಂಗಾಣದ ಕೋನಸಮುದ್ರಂಗೆ ಇರಾನಿನ ವ್ಯಾಪಾರಿಗಳೇ ಬಂದು ಕೊಳ್ಳುತ್ತಿದ್ದರು. ಹಾಗಾಗಿ ಇಸ್ಫಹಾನಿನಲ್ಲಿ ಬಡಿದ ಅಲಗಿನ ಉಕ್ಕು ನಮ್ಮ ಕಡೆಯದೇ ಇರಬಹುದು. ಉಕ್ಕು ನೋಡಿ ಊರು ಹೇಳುವುದು ಕಷ್ಟ. ಕಾಲ ಮಾತ್ರ ಸ್ವಲ್ಪ ಸಿಗುತ್ತದೆ. 19ನೇ ಶತಮಾನದಲ್ಲಿ ಈ ಕುಲುಮೆಗಳು ಒಂದೊಂದಾಗಿ ಆರಿದವು. ನಿಜವಾದ ಮೂಸೆ ಉಕ್ಕು ಕಂಡರೆ ಅಲಗು ಹೆಚ್ಚುಕಡಿಮೆ ಅದಕ್ಕಿಂತ ಮೊದಲಿನದು. ಈಗ ಡಮಾಸ್ಕಸ್ ಅಂತ ಮಾರುವುದು ಎರಡು ಬಗೆ ಉಕ್ಕನ್ನು ಸೇರಿಸಿ ಮಡಚಿ ಬಡಿದದ್ದು. ಅದರಲ್ಲಿ ಗೆರೆ ದಪ್ಪ, ಒಂದೇ ಸಮನೆ ಅಲೆ. ಇನ್ನು ಕೆಲವರು ಬರೀ ಆಸಿಡ್‌ನಲ್ಲಿ ಚಿತ್ತಾರ ಬರೆಸುತ್ತಾರೆ. ಅಲೆ ಕಾಣಲಿಲ್ಲ ಅಂತ ನಿಮ್ಮ ಕತ್ತಿ ಹೊಸದು ಅಂದುಕೊಳ್ಳಬೇಡಿ. ಸಾದಾ ಉಕ್ಕಿನ ಒಳ್ಳೆ ಹಳೆ ಕತ್ತಿಗಳೇ ಜಾಸ್ತಿ. ಉಜ್ಜಿ ಉಜ್ಜಿ ಅಲೆ ಮಾಸಿರಲೂಬಹುದು.

ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಟ್ಟೆ ಇರುವ ಕಬ್ಬಿಣದ ಹಿಡಿ ಮೊಘಲರ ಕಾಲದಲ್ಲಿ ಬೆಳೆದು ಬಂದದ್ದು. ಆಮೇಲೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಅದರ ಆಕಾರ ಅಷ್ಟೇನೂ ಬದಲಾಗಲಿಲ್ಲ. ಹಾಗಾಗಿ ಹಿಡಿ ಒಂದನ್ನೇ ಹಿಡಿದುಕೊಂಡು ವರ್ಷ ಹೇಳುವವರನ್ನು ನಾನು ನಂಬುವುದಿಲ್ಲ. ಆದರೆ ತಟ್ಟೆಯ ಒಳಮೈ ನೋಡಿ. ಅಲ್ಲಿ ಕೈ ತಾಗುವುದು ಕಡಿಮೆ, ಚಿನ್ನ ಬೆಳ್ಳಿಯ ಕೆಲಸ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ ಚಿನ್ನದ ಅಡಿ ಸಣ್ಣ ಅಡ್ಡ ಉದ್ದ ಗೀರು ಕಂಡರೆ ಅದು ಕೊಫ್ತ್‌ಗಾರಿ. ಕಬ್ಬಿಣದ ಮೈಯನ್ನು ಗೀರಿ ಒರಟು ಮಾಡಿ, ಅದರ ಮೇಲೆ ಚಿನ್ನದ ತಂತಿ ಬಡಿದು ಕೂರಿಸುವ ಕೆಲಸ. ಗೀರೇ ಇಲ್ಲದೆ ಚಿನ್ನ ಬರೀ ಬಣ್ಣದ ಪದರ ಆಗಿದ್ದರೆ ಅನುಮಾನ ಪಡಿ. ಕೊಫ್ತ್‌ಗಾರಿ ಇದೆ ಅಂದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ, ಉದಯಪುರದಲ್ಲಿ ಈಗಲೂ ಚೆನ್ನಾಗಿ ಮಾಡುತ್ತಾರೆ.

ಹಿಡಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ನಾಗರಿ ಅಕ್ಷರ, ಅಂಕಿ ಇದ್ದರೆ ಅದು ಆಯುಧಶಾಲೆಯ ಲೆಕ್ಕ. ಅದಕ್ಕೆ ಚಿನ್ನದ ಬರಹಕ್ಕಿಂತ ಹೆಚ್ಚು ಬೆಲೆ ಕೊಡಿ. 1680ರ ದಶಕದ ಕೊನೆಯಲ್ಲಿ ಮೊಘಲರು ಆದೋನಿ ಕೋಟೆ ಹಿಡಿದಾಗ ಅವರ ಪಡೆಯಲ್ಲಿದ್ದ ಬಿಕಾನೇರದ ರಾಜ ಅನೂಪ್ ಸಿಂಗ್ ಅಲ್ಲಿಂದ ಆಯುಧ ಹೊತ್ತೊಯ್ದ. ಅವುಗಳ ಮೇಲೆ ಹೀಗೆ ಚುಕ್ಕೆಯಲ್ಲಿ ಬರೆಸಿದ್ದಾರೆ. ಇಂದು ದಖ್ಖನಿನ ಕತ್ತಿ, ಕಠಾರಿಗಳ ಕಾಲ ಹೇಳುವವರಿಗೆ ಅದು ದೊಡ್ಡ ಆಧಾರ. ಆ ಆಯುಧ ಅಷ್ಟು ಹೊತ್ತಿಗೆ ಇತ್ತು ಅನ್ನುವುದು ಖಚಿತ ಅಲ್ವಾ? ತಂಜಾವೂರಿನ ಆಯುಧಶಾಲೆಗೆ ಆ ಭಾಗ್ಯ ಇರಲಿಲ್ಲ. 1863ರಲ್ಲಿ ಅದನ್ನು ಒಡೆದು ಬಹಳಷ್ಟನ್ನು ಹಳೆ ಕಬ್ಬಿಣ ಅಂತ ವಿಲೇವಾರಿ ಮಾಡಿದರು. ಆರಿಸಿ ಉಳಿಸಿದ್ದರಲ್ಲಿ ಕೆಲವು ಚೆನ್ನೈ ಎಗ್ಮೋರ್ ಮ್ಯೂಸಿಯಂನಲ್ಲಿವೆ. ದಕ್ಷಿಣದ ಹಿಡಿಗಳ ಕೆತ್ತನೆ ನೋಡಬೇಕು ಅಂದರೆ ಅಲ್ಲಿಗೆ ಹೋಗಬೇಕು.

ಕೊನೆಗೆ ಬರಹ. ಚಿನ್ನದಲ್ಲಿ "ಅಮಲೆ ಅಸದುಲ್ಲಾ ಇಸ್ಫಹಾನಿ", ಅಂದರೆ ಇಸ್ಫಹಾನಿನ ಅಸದುಲ್ಲಾನ ಕೆಲಸ, ಅಂತ ಓದಿಸಿಕೊಂಡು ಬಂದು ಹಿಗ್ಗುವವರು ಬಹಳ. ಅಸದುಲ್ಲಾ ಇರಾನಿನ ಶಾ ಅಬ್ಬಾಸನ ಕಾಲದವನು ಅಂತ ಪ್ರಸಿದ್ಧನಾದ ಕಮ್ಮಾರ. ಶಾ ಅಬ್ಬಾಸ್ ತೀರಿಕೊಂಡಿದ್ದು 1629ರಲ್ಲಿ. ಅದೇ ಹೆಸರು 18, 19ನೇ ಶತಮಾನದ ಅಲಗುಗಳ ಮೇಲೂ ಸಿಗುತ್ತದೆ. ಒಳ್ಳೆ ಅಲಗು ಅನ್ನುವುದಕ್ಕೆ ಆ ಹೆಸರೇ ಮುದ್ರೆ ಆಗಿಹೋಗಿತ್ತು. ಇನ್ನೊಂದು ತೊಡಕಿದೆ. ದೇವರ ಸಿಂಹ ಅಂತ ಹಜರತ್ ಅಲಿಯವರಿಗೂ ಅಸದುಲ್ಲಾ ಅನ್ನುತ್ತಾರೆ. ಟಿಪ್ಪುವಿನ ಆಯುಧಗಳಲ್ಲಿ ಹುಲಿಮುಖದ ಆಕಾರದಲ್ಲಿ ಬರೆಸಿದ "ಅಸದುಲ್ಲಾ ಅಲ್ ಗಾಲಿಬ್" ಅದೇ. ಅಲ್ಲಿ ಕಮ್ಮಾರನ ಮಾತೇ ಇಲ್ಲ.

ಅಂಕಿಯನ್ನು ಇಸವಿ ಅಂತ ಓದುವ ಮುಂಚೆ ನಾಲ್ಕು ಮನೆಯ ಚೌಕ ಇದೆಯಾ ನೋಡಿ. ಚೌಕದಲ್ಲಿ 2, 4, 6, 8 ಇದ್ದರೆ ಅದು ತಾಯಿತದ ಹಾಗೆ ರಕ್ಷೆಗೆ ಬರೆಸುವ ಬುದೂಹ್ ಚೌಕ. ಕಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಚೌಕ ಇಲ್ಲದೆ ಸಾಲಾಗಿ ನಾಲ್ಕು ಅಂಕಿ ಇದ್ದರೆ ಹಿಜರಿ, ಅಂದರೆ ಮುಸ್ಲಿಮರ ಪಂಚಾಂಗದ ವರ್ಷ ಇರಬಹುದು. ಅರಬ್ಬಿ ಅಂಕಿಯಲ್ಲಿ ಸೊನ್ನೆ ಬರೀ ಒಂದು ಚುಕ್ಕೆ. ಐದು ನಮ್ಮ ಸೊನ್ನೆಯ ಹಾಗೆ ಕಾಣುತ್ತದೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಬರುತ್ತದೆ. 1170 ಅಂತಿದ್ದರೆ 1756-57.

ಟಿಪ್ಪು ಕಾಲದ್ದು ಅಂತ ನಿಮ್ಮ ಮನೆಯಲ್ಲಿ ಹೇಳುತ್ತಾರಲ್ಲ, ಅದಕ್ಕೊಂದು ವಿಶೇಷ ಪರೀಕ್ಷೆ ಇದೆ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಬಿಟ್ಟು, ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಲೆಕ್ಕ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನ ನಾಣ್ಯಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೌಲೂದಿ 1215 ಅಂದರೆ ಸುಮಾರು 1787. ಅದನ್ನೇ ಹಿಜರಿ ಅಂತ ಲೆಕ್ಕ ಹಾಕಿದರೆ 1800 ಬರುತ್ತದೆ. ಆ ಹೊತ್ತಿಗೆ ಟಿಪ್ಪು ಬದುಕಿರಲಿಲ್ಲ, ಶ್ರೀರಂಗಪಟ್ಟಣ ಬಿದ್ದಿದ್ದು 1799ರ ಮೇ ತಿಂಗಳಲ್ಲಿ. ಅವನ ಆಯುಧಶಾಲೆಯ ಕೆಲಸದಲ್ಲಿ ಬಬ್ರಿ ಅನ್ನುವ ಹುಲಿ ಪಟ್ಟೆ, ಹೈದರನ ಹೆಸರಿನ ಮೊದಲ ಅಕ್ಷರ ಇಂಥ ಗುರುತು ಇರುತ್ತವೆ. ಇದ್ಯಾವುದೂ ಇಲ್ಲದಿದ್ದರೆ ಟಿಪ್ಪುವಿನ ಹೆಸರು ಸೇರಿಸುವ ಆತುರ ಬೇಡ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಆ ಸುದ್ದಿ ಬಂದ ಮೇಲೆ ನಮ್ಮ ಕಡೆ ಪ್ರತಿ ಬಾಗಿದ ಕತ್ತಿಯೂ ಟಿಪ್ಪುವಿನದೇ ಆಗಿದೆ.

ಶಿರಾದ ಮಟ್ಟಿಗೆ ಇದು ಅನ್ಯಾಯ ಕೂಡ. ಶಿರಾ 1638ರ ಹೊತ್ತಿಗೇ ಬಿಜಾಪುರದವರ ಕೈಗೆ ಬಂದಿತ್ತು. ಅವರ ಕಡೆಯಿಂದ ಅಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನ್ ಗೋರಿ 1651ರದ್ದು. 1687ರಿಂದ ಮೊಘಲರ ಸುಬಾ, ಅಂದರೆ ಪ್ರಾಂತ್ಯ, ಹೈದರ್ ಅದನ್ನು ಹಿಡಿದಿದ್ದು 1761ರಲ್ಲಿ. ಅಂದರೆ ಹೈದರ್ ಬರುವ ಮುಂಚೆಯೇ ನೂರಿಪ್ಪತ್ತು ವರ್ಷ ಅಲ್ಲಿ ಪಾರಸಿ ಬಲ್ಲ ಅಧಿಕಾರಿಗಳು, ಕುದುರೆ ಸವಾರರು ಇದ್ದರು. ಜೊತೆಗೆ ಸುತ್ತಲಿನ ಪಾಳೇಗಾರರು, ಮರಾಠರು. ನಿಮ್ಮ ಕತ್ತಿ ಇವರಲ್ಲಿ ಯಾರ ಕೈಯಲ್ಲಿದ್ದರೂ ಆಶ್ಚರ್ಯ ಇಲ್ಲ. ಇಷ್ಟು ಉದ್ದದ ಚರಿತ್ರೆಯನ್ನು ಒಂದೇ ಹೆಸರಿಗೆ ಇಳಿಸಬೇಡಿ.

ನೀವು ಹೇಳಿದ್ದರಲ್ಲೇ ನನ್ನ ಅಂದಾಜು ಕೇಳಿದರೆ: ಹಿಡಿ ತಲ್ವಾರ್ ಹಿಡಿ. ಮೊಂಡು ಜಾಗ ಇದ್ದರೆ ಅಲಗೂ ಭಾರತದ್ದೇ. 18ನೇ ಶತಮಾನದಿಂದ 19ನೇ ಶತಮಾನದ ನಡುವೆ ಇಡುತ್ತೇನೆ. ಉಕ್ಕಿನ ಅಲೆ ಕಂಡರೆ ಹಿಂದಕ್ಕೆ ಸರಿಸುತ್ತೇನೆ, ಬೆನ್ನಿನ ಮೇಲೆ ಇಂಗ್ಲಿಷ್ ಕಂಡರೆ ಮುಂದಕ್ಕೆ. ಕಾರ್ಬನ್ ಡೇಟಿಂಗ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಕ್ಕೆ ಅಲಗಿನಿಂದ ಚೂರು ಕತ್ತರಿಸಬೇಕು. ಅಷ್ಟು ಮಾಡಿದರೂ ಕಳೆದ ಮುನ್ನೂರು ವರ್ಷದ ವಸ್ತುವಿಗೆ ಅದು ಖಚಿತ ಉತ್ತರ ಕೊಡುವುದಿಲ್ಲ.

ಮಾರುವ ಯೋಚನೆ ಇದ್ದರೆ ಎರಡು ಕಾಯ್ದೆ ತಿಳಿದಿರಲಿ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ನಿಮ್ಮನ್ನು ಕೇಳಿದ ವ್ಯಾಪಾರಿಯ ಹತ್ತಿರ ಮೊದಲು ಅದನ್ನು ಕೇಳಿ. ಇನ್ನೊಂದು 1959ರ ಶಸ್ತ್ರ ಕಾಯ್ದೆ. ಕತ್ತಿಗೆ ಲೈಸೆನ್ಸ್ ಬೇಕೋ ಬೇಡವೋ ಅನ್ನುವುದು ಆಯಾ ಪ್ರದೇಶದ ಅಧಿಸೂಚನೆಯ ಮೇಲೆ ಹೋಗುತ್ತದೆ, ನಿಮ್ಮ ಠಾಣೆಯಲ್ಲಿ ವಿಚಾರಿಸಿ. ಗುರುತಿಸಲು ಸಹಾಯ ಬೇಕಾದರೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ.

ನನಗೂ ನೋಡುವ ಆಸೆ ಇದೆ. ಫೋಟೋ ಹಾಕುವುದಾದರೆ ಫ್ಲಾಶ್ ಬೇಡ, ಕಿಟಕಿ ಬೆಳಕು ಪಕ್ಕದಿಂದ ಬೀಳಲಿ. ಕತ್ತಿಯನ್ನು ಮಲಗಿಸಿ ಎರಡು ಕಡೆಯೂ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಬೆನ್ನು, ಮೊಂಡು ಜಾಗ, ತಟ್ಟೆಯ ಒಳಮೈ, ಬರಹ, ಅಂಕಿ ಎಲ್ಲವನ್ನೂ ಹತ್ತಿರದಿಂದ ತೆಗೆಯಿರಿ. ಹಿಡಿಯ ಹತ್ತಿರ, ನಡುವೆ, ಮೊನೆಯ ಹತ್ತಿರ ಅಲಗಿನ ದಪ್ಪ ಎಷ್ಟಿದೆ ಬರೆಯಿರಿ. ತೂಕವನ್ನೂ ಬರೆಯಿರಿ. ಒರೆ ಸಿಕ್ಕಿದ್ದರೆ ಅದರ ಫೋಟೋ ಕೂಡ ಹಾಕಿ. ಆದರೆ ಕತ್ತಿಯನ್ನು ಮತ್ತೆ ಆ ಹಳೆ ಚರ್ಮದ ಒರೆಗೆ ಹಾಕಿ ಇಡಬೇಡಿ, ತೇವ ಹಿಡಿದು ಒಳಗೇ ತುಕ್ಕು ಹತ್ತುತ್ತದೆ.